ಬೆಂಗಳೂರಿಗೆ ಹೋದ ಹನೂರಿನವರು ಎಲ್ಲಿ ಉಣ್ಣಬೇಕು?

ಪತ್ರಿಕೆಗಳ ವಾರದ ಪುರವಣಿಗಳಲ್ಲಿ ವರ್ಷಕ್ಕೆ ನಾಲ್ಕೈದು ಸಲವಾದರೂ ಒಂದು ಲೇಖನ ಬರುತ್ತದೆ. ಬರೆದವರ ಹೆಸರು ಬೇರೆ, ಚಿತ್ರಗಳು ಬೇರೆ, ಸರಕು ಮಾತ್ರ ಒಂದೇ. ಬೆಂಗಳೂರನ್ನು ಬಲ್ಲವರೊಬ್ಬರು ಬೆಂಗಳೂರಿಗೆ ಬರುವವರಿಗೆ ಎಲ್ಲಿ ತಿನ್ನಬೇಕು, ಏನು ಕುಡಿಯಬೇಕು, ಹೇಗೆ ಓಡಾಡಬೇಕು ಎಂದು ಹೇಳಿಕೊಡುವ ಲೇಖನ. ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ, ಜೊತೆಗೆ ಆ ಹೋಟೆಲು 1943ರದು ಎಂಬ ಮಾಹಿತಿ. ಅದಾದ ಮೇಲೆ 1924ರಿಂದ ನಡೆದುಬಂದಿರುವ ಎಂಟಿಆರ್. ಸಂಜೆಗೆ ವಿ.ವಿ. ಪುರಂ ತಿಂಡಿ ಬೀದಿ. ಕುಡಿಯುವ ವಿಚಾರಕ್ಕೆ ಬಂದರೆ ಫಿಲ್ಟರ್ ಕಾಫಿ ಒಂದು ಸಾಲು, ಬಿಯರ್ ಐದು ಸಾಲು. ಕೊನೆಯಲ್ಲಿ, ಸ್ವಲ್ಪ ಧೈರ್ಯವಿರುವವರು ಶಿವಾಜಿನಗರದ ಗಲ್ಲಿಗಳಿಗೆ ಹೋಗಿ ಕಬಾಬು ತಿನ್ನಿ ಎಂಬ ಸಲಹೆ. ಓಡಾಡಲು ಮೊಬೈಲಿನಲ್ಲಿ ಕಾರು ಕರೆಸಿಕೊಳ್ಳಿ. ಅಲ್ಲಿಗೆ ಊರಿನ ಪರಿಚಯ ಮುಗಿಯಿತು.

ನನಗೆ ದೋಸೆಯ ಮೇಲೆ ಸಿಟ್ಟಿಲ್ಲ. ಕಬಾಬಿನ ಮೇಲಂತೂ ಇಲ್ಲವೇ ಇಲ್ಲ. ನನ್ನ ತಕರಾರಿರುವುದು ಆ ಲೇಖನ ಯಾರನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು ಎಂಬುದರ ಬಗ್ಗೆ. ಅದರ ಓದುಗ ಹಸಿವಿನಿಂದ ತಿನ್ನುವವನಲ್ಲ, ರುಚಿಗಾಗಿ ತಿನ್ನುವವನು. ಅವನಿಗೆ ಸಮಯವಿದೆ, ಜೇಬಿನಲ್ಲಿ ಹಣವಿದೆ, ರಾತ್ರಿ ಮಲಗಲು ಕೋಣೆಯಿದೆ. ಮುಖ್ಯವಾಗಿ, ಅವನನ್ನು ಯಾವ ಹೋಟೆಲಿನವನೂ ಕೆಳಗಿನಿಂದ ಮೇಲೆ ನೋಡುವುದಿಲ್ಲ. ಅಂಥ ಓದುಗರು ಇದ್ದಾರೆ, ಇರಲಿ. ಆದರೆ ದಿನ ಬೆಳಗಾದರೆ ಬೆಂಗಳೂರಿಗೆ ಬಂದಿಳಿಯುವ ಜನರಲ್ಲಿ ಅವರೆಷ್ಟು, ಉಳಿದವರೆಷ್ಟು? ಉಳಿದವರಿಗೆ ಕನ್ನಡದಲ್ಲಿ ಒಂದು ಪುಟದ ಕೈಪಿಡಿಯನ್ನಾದರೂ ಯಾರು ಬರೆದಿದ್ದಾರೆ?

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಬೆಂಗಳೂರಿನ ಬಸ್ಸು ಹತ್ತುವವರನ್ನು ಒಮ್ಮೆ ನೋಡಬೇಕು. ಹನೂರು, ರಾಮಾಪುರ, ಲೊಕ್ಕನಹಳ್ಳಿಯ ಕಡೆಯಿಂದ ಬಂದು ರಾತ್ರಿಯೆಲ್ಲ ಯಾರದೋ ಮನೆಯ ಜಗುಲಿಯಲ್ಲಿ ಕೂತಿದ್ದವರು. ಯಳಂದೂರಿನಿಂದ ಮೊದಲ ಬಸ್ಸಿಗೆ ಬಂದವರು. ಕೈಯಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆ, ಇನ್ನೊಂದು ಕೈಯಲ್ಲಿ ಬುತ್ತಿ. ಗಾರೆ ಕೆಲಸಕ್ಕೆ ಹೊರಟ ಹುಡುಗರು, ಗಾರ್ಮೆಂಟ್ಸಿಗೆ ವಾಪಸಾಗುವ ಹೆಣ್ಣುಮಕ್ಕಳು, ಚಿಕ್ಕಪೇಟೆಯ ಅಂಗಡಿಗೆ ರೇಷ್ಮೆ ಸೀರೆಯ ಗಂಟು ಹೊತ್ತವರು, ನೂಲು ಮಾರಿದ ಬಾಕಿ ಹಣ ಕೇಳಲು ಹೊರಟ ನಮ್ಮ ಮೊಹಲ್ಲಾದ ರೀಲರುಗಳು, ಯಾವುದೋ ಪರೀಕ್ಷೆ ಬರೆಯಲು ಹೊರಟ ಹುಡುಗ. ಮಜಾ ಮಾಡಲು ಹೊರಟವರು ಆ ಬಸ್ಸಿನಲ್ಲಿ ಅಪರೂಪ. ಎಲ್ಲರಿಗಿಂತ ಹೆಚ್ಚು ಇರುವವರು ರೋಗಿಗಳು, ರೋಗಿಗಳ ಜೊತೆಗಿನವರು.

ಯಾಕೆ ಹೀಗೆ ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯಲ್ಲಿ ಕಿಚ್‌ಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ವಿಷ ಬೆರೆಸಿದಾಗ, ಅದನ್ನು ತಿಂದವರನ್ನು ನೂರು ಕಿಲೋಮೀಟರಿಗೂ ದೂರದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. 17 ಜನ ಸತ್ತರು. 2021ರ ಮೇ ತಿಂಗಳ ಮೊದಲ ವಾರದಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ, ಒಂದು ದಿನದ ಒಳಗೆ 24 ರೋಗಿಗಳು ಪ್ರಾಣ ಬಿಟ್ಟರು. ಇಷ್ಟಾದ ಮೇಲೆ ಜನ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯನ್ನೇ ನಂಬಿ ಹೊರಟರೆ ಅದು ಅವರ ತಪ್ಪೇ? ಮೈಸೂರಿನಲ್ಲಿ ಆಗುವುದಿಲ್ಲ ಎಂದು ಚೀಟಿ ಬರೆದುಕೊಟ್ಟರೆ ಮುಂದಿನದು ಬೆಂಗಳೂರೇ. ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ವಿಕ್ಟೋರಿಯಾ, ವಾಣಿವಿಲಾಸ. ನಮ್ಮ ಕಡೆಯವರಿಗೆ ಬೆಂಗಳೂರೆಂದರೆ ಈ ಐದು ಹೆಸರು. ಲಾಲ್‌ಬಾಗು, ಅರಮನೆ ಎಲ್ಲ ಆಮೇಲೆ.

ಹಿಂದೆ ಹೀಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದಿನ ಹಿರಿಯರಿಗೆ ದೊಡ್ಡ ಊರೆಂದರೆ ಕೊಯಮತ್ತೂರು. ಕೋರ್ಟಿಗೂ ಕಚೇರಿಗೂ ದಿಂಬಂ ಘಾಟಿ ಇಳಿದು ಹೋಗುತ್ತಿದ್ದರು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಅದು ಮೈಸೂರಿನ ಕಡೆಗೆ ಮುಖ ಮಾಡಿತ್ತು. ಹದಿನೈದಿಪ್ಪತ್ತು ಕಿಲೋಮೀಟರು ಅಂತರದ ಎರಡು ಊರಿನವರು ಎರಡು ರಾಜ್ಯಗಳ ಪಟ್ಟಣಗಳಿಗೆ ಅಲೆಯುತ್ತಿದ್ದರು. ನಮ್ಮ ಮನೆಗಳಲ್ಲಿ ಉರ್ದುವಿನ ಜೊತೆ ತಮಿಳೂ ಕನ್ನಡವೂ ಕಲೆತು ಉಳಿದದ್ದು ಈ ಅಲೆದಾಟದಿಂದಲೇ. ಏಕೀಕರಣವಾದ ಮೇಲೆ ನಾವೂ ಬೆಂಗಳೂರಿನವರಾದೆವು. ಬೆಂಗಳೂರು ನಮ್ಮದಾಯಿತೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲ.

ಈಗ ಕುಡಿಯುವ ವಿಚಾರಕ್ಕೆ ಬರೋಣ. ಪುರವಣಿಯವರು ಬಿಯರಿನ ಬಗ್ಗೆ ಬರೆಯುತ್ತಾರೆ, ನಾನು ನೀರಿನ ಬಗ್ಗೆ ಬರೆಯುತ್ತೇನೆ.

ಕೊಳ್ಳೇಗಾಲದಿಂದ ಹೊರಟ ಬಸ್ಸು ಸತ್ತೇಗಾಲದ ಹತ್ತಿರ ಕಾವೇರಿಯನ್ನು ದಾಟಿ, ಮಳವಳ್ಳಿ, ಹಲಗೂರು, ಸಾತನೂರು, ಕನಕಪುರ, ಹಾರೋಹಳ್ಳಿ, ಕಗ್ಗಲೀಪುರದ ಮೇಲೆ ಬೆಂಗಳೂರು ಸೇರುತ್ತದೆ. ಸುಮಾರು 130 ಕಿಲೋಮೀಟರು. ಇದೇ ಹಾದಿಯಲ್ಲಿ ನಮ್ಮ ಜೊತೆ ಇನ್ನೊಂದು ಪ್ರಯಾಣವೂ ನಡೆದಿರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾದ ಕಾವೇರಿ ನೀರು ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ ಮೂರು ಹಂತಗಳಲ್ಲಿ ಮೇಲೇರುತ್ತದೆ. ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಎತ್ತರ. 1974ರಲ್ಲಿ ಮೊದಲ ಹಂತ ಶುರುವಾಯಿತು. ಐದನೆಯ ಹಂತವನ್ನು 2024ರ ಅಕ್ಟೋಬರ್ 16ರಂದು ಉದ್ಘಾಟಿಸಿದರು, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರು. ನೀರಿಗಿಂತ ಮೊದಲೇ ಬೆಳಕೂ ಇಲ್ಲಿಂದಲೇ ಹೋಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು.

ಮನುಷ್ಯರ ಕಥೆ ಏನಾಯಿತು? ಬೆಂಗಳೂರಿನ ಹೊರವಲಯದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರಿನ ರೈಲು ಮಾರ್ಗಕ್ಕೆ 1996-97ರಲ್ಲಿ ಮಂಜೂರಾತಿ ಸಿಕ್ಕಿತು. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಕೊಳ್ಳೇಗಾಲಕ್ಕೆ ಇನ್ನೂ ರೈಲು ಬಂದಿಲ್ಲ. ಪ್ರತಿ ಚುನಾವಣೆಗೂ ರೈಲು ಭಾಷಣದಲ್ಲಿ ಬಂದು, ಮತ ಎಣಿಕೆಯ ದಿನ ಹಿಂದಿರುಗುತ್ತದೆ. ನೀರಿಗೆ ಐದು ಸಲ ದಾರಿ ಮಾಡಿದವರಿಗೆ, ಆ ನೀರಿನ ದಡದವರಿಗೆ ಒಂದು ಸಲ ದಾರಿ ಮಾಡಲು ಆಗಲಿಲ್ಲ.

ಅದಿರಲಿ. ಬೆಂಗಳೂರಿನಲ್ಲಿ ಯಾವುದಾದರೂ ಒಳ್ಳೆಯ ಹೋಟೆಲಿಗೆ ಹೋಗಿ ಕೂತರೆ ಮಾಣಿ ಮೊದಲು ಕೇಳುವುದೇ, 'ಬಾಟಲ್ ನೀರಾ ಸಾರ್, ನಾರ್ಮಲ್ಲಾ?' ಎಂದು. ನಾರ್ಮಲ್ ಎಂದರೆ ಅವನ ಮುಖ ಸ್ವಲ್ಪ ಸಣ್ಣದಾಗುತ್ತದೆ. ನಮ್ಮ ಹೊಳೆಯ ನೀರು ನೂರು ಕಿಲೋಮೀಟರು ಬಂದು ನಲ್ಲಿಯಲ್ಲಿ ಬಿದ್ದರೆ ಅದು ಬಡವರ ನೀರು. ಅದೇ ನೀರು ಪ್ಲಾಸ್ಟಿಕ್ಕಿನೊಳಗೆ ಹೊಕ್ಕು ಬಂದರೆ ಮರ್ಯಾದಸ್ಥರ ನೀರು. ಕೈಪಿಡಿಯಲ್ಲಿ ಮೊದಲು ಬರೆಯಬೇಕಾದ ಮಾತು ಇದು: ಹೋಟೆಲಿನವರು ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ನಾಚದೆ ಕೇಳಿ. ಅದು ನಿಮ್ಮೂರಿನದೇ.

ಓಡಾಟದ ಬಗ್ಗೆ ಪುರವಣಿಗಳು ಹೇಳದ ಒಂದು ಉಪಯುಕ್ತ ಸಂಗತಿ ಇದೆ. ನಮ್ಮ ಬಸ್ಸು ನಗರದೊಳಕ್ಕೆ ನುಗ್ಗುವ ಮೊದಲೇ ಕನಕಪುರ ರಸ್ತೆಯಲ್ಲಿ ಮೆಟ್ರೊ ಸಿಗುತ್ತದೆ. 2021ರ ಜನವರಿಯಲ್ಲಿ ಹಸಿರು ಮಾರ್ಗ ಅಲ್ಲಿಯವರೆಗೆ ಬಂತು. ಆ ಕೊನೆಯ ನಿಲ್ದಾಣದ ಹೆಸರು ರೇಷ್ಮೆ ಸಂಸ್ಥೆ. ರೇಷ್ಮೆಯ ಊರಿನವರು ಇಳಿಯಬೇಕಾದ ನಿಲ್ದಾಣಕ್ಕೆ ರೇಷ್ಮೆಯದೇ ಹೆಸರು ಸಿಕ್ಕಿದ್ದು ಕಾಕತಾಳೀಯವಿರಬಹುದು. ಕಂಡಕ್ಟರಿಗೆ ಮೊದಲೇ ಹೇಳಿಟ್ಟುಕೊಂಡು ಅಲ್ಲಿ ಇಳಿದರೆ ಬನಶಂಕರಿಯ ಕಡೆಯ ವಾಹನಗಳ ಜಾತ್ರೆಯಲ್ಲಿ ಒಂದು ಗಂಟೆ ಸಾಯುವುದು ತಪ್ಪುತ್ತದೆ. ವಿಕ್ಟೋರಿಯಾ, ವಾಣಿವಿಲಾಸಕ್ಕೆ ಹೋಗುವವರು ನೇರ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಬಹುದು. ಜಯದೇವಕ್ಕೆ ಹೋಗುವವರು ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯದೇ ಜಯದೇವ ಆಸ್ಪತ್ರೆ ನಿಲ್ದಾಣ. ಈ ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟಿನಲ್ಲಿ. ನಿಮ್ಹಾನ್ಸ್ ಮತ್ತು ಕಿದ್ವಾಯಿಗೆ ಹೋಗುವವರು ಜಯನಗರದಲ್ಲಿ ಇಳಿದು ಅಲ್ಲಿಂದ ಬಸ್ಸು ಅಥವಾ ಆಟೊ ಹಿಡಿಯಬೇಕು. ಇಷ್ಟು ಸಂಗತಿಯನ್ನು ಒಂದು ಚೀಟಿಯಲ್ಲಿ ಬರೆದು ಕೊಳ್ಳೇಗಾಲದ ಬಸ್ ನಿಲ್ದಾಣದ ಗೋಡೆಗೆ ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಆದರೆ ಮೆಟ್ರೊ ಎಲ್ಲರದೂ ಅಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪುಕ್ಕಟೆ ಓಡಾಡಬಹುದು. ಹನೂರಿನ ಕೂಲಿ ಹೆಂಗಸೊಬ್ಬಳು ಗಂಡನ ಮುಂದೆ ಕೈಯೊಡ್ಡದೆ ಮಗುವನ್ನು ಬೆಂಗಳೂರಿನ ಆಸ್ಪತ್ರೆಗೆ ತಂದು ತೋರಿಸುವುದು ಇದರಿಂದ ಸಾಧ್ಯವಾಯಿತು. ಈ ಯೋಜನೆಯ ಬಗ್ಗೆ ನಕ್ಕವರು, ಹೆಂಗಸರು ಸುಮ್ಮನೆ ಊರೂರು ಸುತ್ತುತ್ತಾರೆ ಎಂದು ಆಡಿಕೊಂಡವರು, ಅವಳ ಪಕ್ಕದ ಸೀಟಿನಲ್ಲಿ ಒಂದು ದಿನ ಕೂತು ಬರಬೇಕು. (ಸುತ್ತಿದರೂ ತಪ್ಪೇನು? ಗಂಡಸರು ಸುತ್ತಿದ್ದು ಸಾಲದೇ?) ಮೆಟ್ರೊದಲ್ಲಿ ಮಾತ್ರ ಅವಳಿಗೆ ಈ ಸೌಲಭ್ಯವಿಲ್ಲ. ಅಲ್ಲಿ 2025ರ ಫೆಬ್ರವರಿಯಲ್ಲಿ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದರು. ಹಾಗಾಗಿ ಅವಳು ಬಿಎಂಟಿಸಿ ಬಸ್ಸನ್ನೇ ಕಾಯುತ್ತಾಳೆ. ಅವಳ ಜೊತೆ ಬಂದ ಗಂಡಸರು, ತಲೆಗಿಷ್ಟು ಎಂದು ಹಂಚಿಕೊಂಡು ಹೋಗುವ ಆಟೊಗಳಿಗೆ ಹತ್ತಿಕೊಳ್ಳುತ್ತಾರೆ.

ಆ ಆಟೊಗಳ ವಿಚಾರ ಬಂದದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ, ಮೈಸೂರು ರಸ್ತೆಯ ಮೇಲ್ಸೇತುವೆಯ ಬಳಿ ಒಂದೊಂದು ಆಟೊದಲ್ಲಿ ಹತ್ತು ಹತ್ತು ಜನ ಹೋಗುವುದನ್ನು ಪ್ರಸ್ತಾಪಿಸಿ, ಗೋರಿಪಾಳ್ಯದ ಆ ಭಾಗ ಭಾರತದಲ್ಲಿಲ್ಲ, ಪಾಕಿಸ್ತಾನದಲ್ಲಿದೆ ಎಂಬ ಅರ್ಥದ ಮಾತಾಡಿದರು. ಸುಪ್ರೀಂ ಕೋರ್ಟು ತಾನಾಗಿಯೇ ಅದನ್ನು ಕೈಗೆತ್ತಿಕೊಂಡಿತು. ದೇಶದ ಯಾವ ಭಾಗವನ್ನೂ ಪಾಕಿಸ್ತಾನವೆಂದು ಕರೆಯಕೂಡದು ಎಂದು ಹೇಳಿತು. ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದ ಮೇಲೆ ಪ್ರಕರಣ ಮುಗಿಯಿತು. ಒಳ್ಳೆಯದು. ಆದರೆ ಒಂದು ಆಟೊದಲ್ಲಿ ಹತ್ತು ಜನ ಯಾಕೆ ಕೂರುತ್ತಾರೆ ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳಲಿಲ್ಲ. ಮೋಜಿಗಾಗಿ ಯಾರೂ ಒಬ್ಬರ ತೊಡೆಯ ಮೇಲೊಬ್ಬರು ಕೂರುವುದಿಲ್ಲ. ಒಂಟಿಯಾಗಿ ಮೀಟರು ಹಾಕಿಸಿಕೊಂಡು ಹೋಗಲು ಹಣವಿಲ್ಲದವರು ಹಾಗೆ ಹೋಗುತ್ತಾರೆ. ಅವರಲ್ಲಿ ಸಾಬರೂ ಇರುತ್ತಾರೆ, ಮಾರ್ಕೆಟ್ಟಿಗೆ ಹೂವು ಸೊಪ್ಪು ಹೊತ್ತು ಬಂದ ಹಳ್ಳಿಯ ಗೌಡರ ಹೆಂಗಸರೂ ಇರುತ್ತಾರೆ. ಬಡತನದ ಸವಾರಿಗೂ ಒಂದು ಧರ್ಮವನ್ನು ಅಂಟಿಸಿದ್ದೇ ಅಲ್ಲಿ ನಡೆದ ಅನ್ಯಾಯ.

ಇದೇ ಕಣ್ಣು ಊಟದ ಲೇಖನಗಳಲ್ಲೂ ಇದೆ, ಅಲ್ಲಿ ಅದಕ್ಕೆ ಸಿಹಿ ಸವರಿರುತ್ತಾರೆ ಅಷ್ಟೆ. ರಂಜಾನ್ ಬಂದೊಡನೆ ಫ್ರೇಜರ್ ಟೌನಿನ ಮಸೀದಿ ರಸ್ತೆಗೆ ಕ್ಯಾಮೆರಾಗಳು ಧಾವಿಸುತ್ತವೆ. ಹಲೀಮು, ಸಮೋಸ, ಕೆಂಪು ಬಣ್ಣದ ಕೋಳಿ. ಆ ಒಂದು ತಿಂಗಳು ಬೆಂಗಳೂರಿನ ಮುಸಲ್ಮಾನ ಎಲ್ಲರಿಗೂ ಬೇಕಾದವನು. ಅವನು ತಿನ್ನಿಸುವವನು. ಉಳಿದ ಹನ್ನೊಂದು ತಿಂಗಳು ಅದೇ ರಸ್ತೆಯ ಹುಡುಗ ಬಾಡಿಗೆ ಮನೆ ಕೇಳಿಕೊಂಡು ಬೇರೆ ಬಡಾವಣೆಗೆ ಹೋದರೆ, 'ನಾವು ವೆಜಿಟೇರಿಯನ್ನರಿಗೆ ಮಾತ್ರ ಕೊಡೋದು' ಎಂಬ ಉತ್ತರ. ಒಂದು ಸಮುದಾಯದ ಬಗ್ಗೆ ಅದರ ಬಾಣಲೆಯೊಂದನ್ನು ಬಿಟ್ಟು ಬೇರೇನೂ ತಿಳಿಯಬೇಕಿಲ್ಲ ಎಂದುಕೊಂಡವರು ಬರೆಯುವ ಪ್ರೀತಿಯ ಲೇಖನ ನಮಗೆ ಬೇಡ. ಉರ್ದು ಪತ್ರಿಕೆಗಳ ರಂಜಾನ್ ಪುಟಗಳೂ ಈಗೀಗ ಇದನ್ನೇ ನಕಲು ಮಾಡುತ್ತಿವೆ, ಅದು ಇನ್ನೂ ಬೇಸರದ ಸಂಗತಿ. ರೋಜಾ ಎಂಬುದು ಹಸಿವನ್ನು ಅರಿಯುವ ತಿಂಗಳೆಂದು ನಾವೇ ಮರೆತರೆ ಬೇರೆಯವರಿಗೆ ಏನು ಹೇಳುವುದು?

ಹೋಟೆಲುಗಳ ಚರಿತ್ರೆಯನ್ನು ಬರೆಯುವವರು ಅದರ ಹಿಂದಿನ ಬೋರ್ಡುಗಳ ಬಗ್ಗೆಯೂ ಬರೆಯಬೇಕು. ಬ್ರಾಹ್ಮಣರಿಗೆ ಒಳಗೆ ಪ್ರತ್ಯೇಕ ಜಾಗ, ಉಳಿದವರಿಗೆ ಹೊರಗೆ ಎಂಬ ಕಾಲ ಬಹಳ ಹಿಂದಿನದಲ್ಲ. ಅಂಥ ಕಾಲದಲ್ಲಿ ಮಾಂಸ ತಿನ್ನುವ ಜಾತಿಗಳವರಿಗೆ, ಕೂಲಿಯವರಿಗೆ, ಸಿಪಾಯಿಗಳಿಗೆ ಬಾಗಿಲು ತೆರೆದದ್ದು ಮಿಲಿಟರಿ ಹೋಟೆಲುಗಳು. ಮುದ್ದೆಯ ಜೊತೆ ಕಾಲು ಸೂಪು, ಕೈಮ, ಬೋಟಿ. ಕಾಟನ್‌ಪೇಟೆಯಲ್ಲಿ 1908ರಿಂದ ನಡೆದುಬಂದ ಎಸ್.ಜಿ. ರಾವ್ ಮಿಲಿಟರಿ ಹೋಟೆಲಿನಂಥವು ಊರಿನ ಸಾಮಾಜಿಕ ಚರಿತ್ರೆಯ ಭಾಗ. ನಮ್ಮ ಕಡೆಯ ಒಕ್ಕಲಿಗರು, ಉಪ್ಪಾರರು, ಪರಿಶಿಷ್ಟರು, ಮುಸಲ್ಮಾನರು ಬೆಂಗಳೂರಿನಲ್ಲಿ ಮನೆಯಂಥ ಊಟ ಹುಡುಕಿದರೆ ಹೋಗಬೇಕಾದದ್ದು ಇಂಥ ಕಡೆಗೇ. 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡಿನಲ್ಲಿ 'ಸಸ್ಯಾಹಾರಿ' ಎಂಬುದು ಅಡುಗೆಯ ಮಾಹಿತಿ. 'ಶುದ್ಧ' ಎಂಬುದು ಯಾರ ಬಗ್ಗೆ ಹೇಳಿದ ಮಾತು? 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಜನ ಕೇಳಿದಾಗ ಮೂಗು ಮುರಿದ ಸಾಹಿತಿಗಳು ಇದಕ್ಕೆ ಉತ್ತರಿಸಬೇಕಿತ್ತು.

ಹಲಾಲಿನ ವಿಚಾರ. 2022ರ ಯುಗಾದಿಯ ಹೊತ್ತಿಗೆ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂದು ರಾಜ್ಯದಲ್ಲಿ ದೊಡ್ಡ ಗದ್ದಲ ಎಬ್ಬಿಸಿದರು. ನಮ್ಮ ಕಡೆ ಹೊಸತೊಡಕಿಗೆ ಕುರಿ ಕುಯ್ದು ಗುಡ್ಡೆ ಬಾಡು ಹಾಕುವಾಗ ಕತ್ತಿ ಹಿಡಿಯಲು ಸಾಬರನ್ನು ಕರೆಯುವುದು ತಲೆಮಾರುಗಳ ರೂಢಿ. ಕುಯ್ದವನಿಗೂ ಒಂದು ಗುಡ್ಡೆ ಇರುತ್ತದೆ. ಗದ್ದಲ ಎಬ್ಬಿಸಿದವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇಕಿರಲಿಲ್ಲ. ಅಂದಿನಿಂದ ದೊಡ್ಡ ಊರಿನಲ್ಲಿ ಹೋಟೆಲು ಹೊಕ್ಕ ನಮ್ಮವರು 'ಹಲಾಲೇ?' ಎಂದು ಕೇಳುವಾಗ ದನಿ ತಗ್ಗಿಸುತ್ತಾರೆ. ಹಿಂದೆ ಅದು ಉಪ್ಪು ಖಾರ ಕೇಳಿದಷ್ಟು ಸಹಜವಾದ ಪ್ರಶ್ನೆಯಾಗಿತ್ತು.

ಇಷ್ಟೆಲ್ಲ ಹೇಳಿದರೂ ಆಸ್ಪತ್ರೆಯ ಮುಂದೆ ಕೂತವರ ಸಮಸ್ಯೆ ಹಲಾಲು, ಬಾಡು, ದೋಸೆ ಯಾವುದೂ ಅಲ್ಲ. ಅವರಿಗೆ ಬೇಕಿರುವುದು ಕಡಿಮೆ ದುಡ್ಡಿಗೆ ಎರಡು ಹೊತ್ತಿನ ಅನ್ನ. 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನುಗಳಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ರುಚಿಯ ಬಗ್ಗೆ ದೂರುಗಳಿವೆ, ಪ್ರಮಾಣದ ಬಗ್ಗೆ ಇನ್ನೂ ಹೆಚ್ಚಿನ ದೂರುಗಳಿವೆ, ಹೊತ್ತು ಮೀರಿದರೆ ಸಿಗುವುದಿಲ್ಲ. ಆದರೂ ಅಲ್ಲಿ ನಿಂತವರ ಸಾಲು ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ. ಹಲಸೂರಿನ ಕೆರೆಯ ಪಕ್ಕದ ಗುರುದ್ವಾರದ ಲಂಗರಿನಲ್ಲಿ ಕೂತವರ ಜಾತಿ ಧರ್ಮ ಕೇಳುವುದಿಲ್ಲ. ಯಾವ ಪುರವಣಿಯ 'ತಿನ್ನಲೇಬೇಕಾದ' ಪಟ್ಟಿಯಲ್ಲೂ ಇವೆರಡನ್ನು ನಾನು ಕಂಡಿಲ್ಲ.

ಈಗ ನಮ್ಮವರಿಗೆ ಹೇಳಬೇಕಾದ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಖಾಲಾ ಒಬ್ಬರನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸುವ ಸಾಲಿನಲ್ಲೇ ಮಧ್ಯಾಹ್ನವಾಯಿತು. ಖಾಲಾ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. 'ರೋಜಾ ಅಲ್ವಲ್ಲ ಖಾಲಾ, ಕುಡೀರಿ' ಎಂದರೆ, 'ನಕ್ಕೋ ಬೇಟಾ, ಆಮೇಲೆ ಎಲ್ಲಿಗೆ ಹೋಗೋದು?' ಎಂದರು. ಆಸ್ಪತ್ರೆಯ ಶೌಚಾಲಯದ ಸ್ಥಿತಿ ಬಾಗಿಲಿನಿಂದಲೇ ತಿಳಿಯುತ್ತಿತ್ತು. ಹತ್ತಿರದಲ್ಲಿ ಮಸೀದಿ ಇತ್ತು. ನಾನು ಒಳಗೆ ಹೋಗಿ ಕೈಕಾಲು ಮುಖ ತೊಳೆದು, ವುಜೂ ಮಾಡಿ, ತಂಪಾದ ಮೊಗಸಾಲೆಯಲ್ಲಿ ನಮಾಜು ಮುಗಿಸಿ ಹತ್ತು ನಿಮಿಷ ಬೆನ್ನು ಚಾಚಬಹುದಿತ್ತು. ಖಾಲಾರನ್ನು ಒಳಗೆ ಬಿಡಬಹುದೇ ಎಂದು ಬಾಂಗು ಕೊಡುವ ಹಿರಿಯರನ್ನು ಕೇಳಿದೆ. ಅವರು ಸಿಡುಕಿನವರಲ್ಲ, ಮೃದುವಾಗಿಯೇ ಹೇಳಿದರು, 'ಔರತಾಂ ಕೇ ವಾಸ್ತೆ ಇಂತಜಾಮ್ ನೈ ಜೀ.' ಹೆಂಗಸರಿಗೆ ವ್ಯವಸ್ಥೆ ಇಲ್ಲ. ಖಾಲಾ ಬುರ್ಖಾದ ಸೆರಗು ಸರಿಪಡಿಸಿಕೊಂಡು ಬೀದಿಯ ಮರದ ಕೆಳಗೆ ಕೂತರು. ಸಂಜೆ ಊರಿನ ಬಸ್ಸು ಕನಕಪುರದಲ್ಲಿ ನಿಲ್ಲುವವರೆಗೂ ಹಾಗೆಯೇ ಇದ್ದರು.

ಇದು ಬುರ್ಖಾದವರೊಬ್ಬರ ಕಥೆಯಲ್ಲ. ಆ ಬಸ್ಸಿನಲ್ಲಿ ಬರುವ ಎಲ್ಲ ಹೆಂಗಸರೂ ಹೀಗೆಯೇ ಮಾಡುತ್ತಾರೆ, ಕೇಳಿ ನೋಡಿ. ಇಡೀ ಬೆಂಗಳೂರಿಗೆ ಕುಡಿಸುವ ಹೊಳೆಯ ದಡದ ಹೆಂಗಸರು ಬೆಂಗಳೂರಿಗೆ ಹೋದ ದಿನ ನೀರು ಕುಡಿಯುವುದಿಲ್ಲ. ಸಕ್ಕರೆ ಕಾಯಿಲೆಯವರು, ಬಸುರಿಯರು, ಮೂತ್ರಪಿಂಡದ ತೊಂದರೆಗೆ ತೋರಿಸಲೆಂದೇ ಬಂದವರು ಕೂಡ.

ಸರ್ಕಾರ, ನಗರ ಆಡಳಿತ, ಆಸ್ಪತ್ರೆ ಇದಕ್ಕೆ ಜವಾಬ್ದಾರಿ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ದೊಡ್ಡ ಆಸ್ಪತ್ರೆಗಳ ಸುತ್ತ ನಮ್ಮ ಮಸೀದಿಗಳಿವೆ. ಅವುಗಳಲ್ಲಿ ನೀರಿದೆ, ನಲ್ಲಿ ಇದೆ, ಶೌಚಾಲಯವಿದೆ, ನೆರಳಿದೆ. ಐದು ಹೊತ್ತಿನ ನಮಾಜಿನ ನಡುವಿನ ಗಂಟೆಗಳಲ್ಲಿ ಬಹುಪಾಲು ಜಾಗ ಖಾಲಿ ಬಿದ್ದಿರುತ್ತದೆ. ಹೊಸ ಮಿನಾರಿಗೆ, ಅಮೃತಶಿಲೆಗೆ, ಹವಾನಿಯಂತ್ರಣಕ್ಕೆ ಚಂದಾ ಎತ್ತುವ ಸಮಿತಿಗಳು ಹೆಂಗಸರಿಗೆ ಬೀದಿಯ ಕಡೆಯಿಂದ ಬಾಗಿಲಿರುವ ಎರಡು ಶೌಚಾಲಯ, ಒಂದು ಕೋಣೆ ಕಟ್ಟಿಸಲಾರವೇ? ಪ್ರವಾದಿಗಳ ಕಾಲದಲ್ಲಿ ಮದೀನಾದ ಮಸೀದಿಯಲ್ಲಿ ಹೆಂಗಸರು ನಮಾಜಿಗೆ ಬರುತ್ತಿದ್ದರು ಎಂಬುದು ನಮ್ಮ ಉಲೇಮಾಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಚರ್ಚೆಯನ್ನು ಬೇಕಾದರೆ ಆಮೇಲೆ ಮಾಡೋಣ. ನಾನು ಕೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣದು. ಜಕಾತಿಗೆ ಹಕ್ಕುದಾರರೆಂದು ಕುರ್‌ಆನ್ ಹೆಸರಿಸಿರುವ ಎಂಟು ವರ್ಗಗಳಲ್ಲಿ ದಾರಿಹೋಕ ಮುಸಾಫಿರನೂ ಒಬ್ಬ. ಪ್ರತಿ ರಂಜಾನಿನಲ್ಲಿ ಈ ಎಂಟನ್ನೂ ಓದಿ ಹೇಳುತ್ತಾರೆ. ಎಂಟನೆಯವನ ಹೆಸರು ಬರುವ ಹೊತ್ತಿಗೆ ರಸೀದಿ ಪುಸ್ತಕ ಮುಚ್ಚಿರುತ್ತದೆ. ಗುಬ್ಬಿ ತೋಟದಪ್ಪನವರು 1903ರಲ್ಲಿಯೇ ಬೆಂಗಳೂರಿನ ರೈಲು ನಿಲ್ದಾಣದ ಎದುರು ದಾರಿಹೋಕರಿಗಾಗಿ ಛತ್ರ ಕಟ್ಟಿಸಿದರು. ವ್ಯಾಪಾರದಲ್ಲಿ ಗಳಿಸಿದ ಮುಸಲ್ಮಾನ ಸಾಹುಕಾರರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಶಾದಿಮಹಲುಗಳನ್ನು ಕಟ್ಟಿಸಿದ್ದಾರೆ. ಮುಸಾಫಿರಖಾನೆ ಎಂಬ ಪದ ಮಾತ್ರ ನಮ್ಮ ಮನೆಗಳಲ್ಲಿ ಕಥೆ ಹೇಳುವಾಗ ಬರುವ ಪದವಾಗಿ ಉಳಿಯಿತು.

ಆಸ್ಪತ್ರೆಗಳ ಹೊರಗೆ ಅನ್ನದ ಪಾತ್ರೆ ಹೊತ್ತು ನಿಲ್ಲುವ ಹುಡುಗರಿದ್ದಾರೆ, ಎಲ್ಲ ಧರ್ಮದವರೂ ಇದ್ದಾರೆ. ಅವರ ಕೆಲಸಕ್ಕೆ ನಮಸ್ಕಾರ. ಅನ್ನ ಕೊಡುವವರು ಸಿಗುತ್ತಾರೆ ಎನ್ನುವುದು ಈ ಊರಿನ ದೊಡ್ಡ ಗುಣ. ಉಂಡವರು ಮುಂದೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸುವವರು ಸಿಗುವುದಿಲ್ಲ.

ಇದರ ನಡುವೆ ನಮ್ಮ ಊರುಗಳ ಬಗ್ಗೆ ಬೆಂಗಳೂರಿನವರು ಬರೆದುಕೊಂಡ ಕೈಪಿಡಿಗಳು ಮಾತ್ರ ಬೇಕಾದಷ್ಟಿವೆ. ಭರಚುಕ್ಕಿಯಲ್ಲಿ ಫೋಟೊ ಎಲ್ಲಿ ನಿಂತು ತೆಗೆಯಬೇಕು, ಬಿಳಿಗಿರಿರಂಗನ ಬೆಟ್ಟಕ್ಕೆ ಎಷ್ಟು ಗಂಟೆಗೆ ಹೊರಡಬೇಕು, ಮಲೆ ಮಹದೇಶ್ವರ ಬೆಟ್ಟದ ದಾರಿಯ ತಿರುವುಗಳು ಹೇಗಿವೆ ಎಂದು ಎಲ್ಲವೂ ಗೊತ್ತು. ಅವರ ಎರಡು ದಿನದ ರಜಕ್ಕೆ ಅಷ್ಟು ತಯಾರಿ. ನಮ್ಮವರು ಪ್ರಾಣ ಉಳಿಸಿಕೊಳ್ಳಲು ಹೊರಟಾಗ ಅವರ ಕೈಯಲ್ಲಿ ಇರುವುದು ಯಾರೋ ಹಿಂದೆ ಹೋಗಿ ಬಂದವರು ಬಾಯಲ್ಲಿ ಹೇಳಿದ ಗುರುತು: 'ದೊಡ್ಡ ಗೇಟು, ಪಕ್ಕದಲ್ಲಿ ಎಳನೀರಿನವನು.'

ಆದ್ದರಿಂದ ಈ ಪತ್ರಿಕೆಯ ಸಂಪಾದಕರಲ್ಲಿ, ಕೊಳ್ಳೇಗಾಲ ಹನೂರು ಯಳಂದೂರಿನ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಒಂದೇ ಹಾಳೆ ಸಾಕು, ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು. ಮೂರು ಊರಿನ ಬಸ್ ನಿಲ್ದಾಣಗಳಲ್ಲಿ, ಮಸೀದಿ, ಗುಡಿ, ಚರ್ಚಿನ ಬಾಗಿಲಲ್ಲಿ ಅಂಟಿಸೋಣ. ಯಾವ ಆಸ್ಪತ್ರೆಗೆ ಎಲ್ಲಿ ಇಳಿಯಬೇಕು ಎಂಬುದನ್ನು ಮೇಲೆಯೇ ಬರೆದಿದ್ದೇನೆ. ಹತ್ತು ರೂಪಾಯಿಯ ಊಟ ಸಿಗುವ ಜಾಗಗಳನ್ನು ಬೆಂಗಳೂರಿನಲ್ಲಿ ದುಡಿಯುವ ನಮ್ಮ ಹುಡುಗರು ಒಂದು ವಾರದಲ್ಲಿ ಪಟ್ಟಿ ಮಾಡಿಕೊಡಬಲ್ಲರು. ರಾತ್ರಿ ಉಳಿಯಲು ಛತ್ರ, ಕಡಿಮೆ ಬಾಡಿಗೆಯ ಕೋಣೆಗಳಿಗೆ ನಾಲ್ಕು ಸಾಲು ಬಿಡೋಣ. ಹೆಂಗಸರು ಹಿಂಜರಿಕೆಯಿಲ್ಲದೆ ಹೋಗಿ ಮುಖ ತೊಳೆದು, ನೀರು ಕುಡಿದು, ಹತ್ತು ನಿಮಿಷ ಕೂತು ಬರಬಹುದಾದ ಜಾಗಗಳು ಎಂಬ ಸಾಲು ಮಾತ್ರ ಸದ್ಯಕ್ಕೆ ಖಾಲಿ ಇದೆ. ಯಾವ ಮಸೀದಿಯ ಸಮಿತಿಯವರು ಅಲ್ಲಿ ಮೊದಲ ಹೆಸರು ಬರೆಸುತ್ತಾರೆ?